ಹತ್ತಿ ಗೋದಾಮಿನ ದ್ಯಾಮವ್ವ

ಕೊಪ್ಪಳ
ಜೂನ್ ೧೨, ೨೦೨೩

ಮಗಳು ವಾಣಿಶ್ರೀಗೆ,

ನಿನ್ನೆ ನೀನು ಫೋನ್ ಮಾಡಿದ್ದೆ. ನೀನು ಏನೋ ಕೇಳಿದೆ, ನಾನು ಏನೋ ಹೇಳಿದೆ. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ನಿನ್ನ ಮಾತಿಗಿಂತ ಗುಂತಕಲ್ಲಿನ ರೈಲುಗಳ ಸದ್ದೇ ಜೋರು. ಇನ್ನು ಮೇಲೆ ಕಾಗದವೇ ಸರಿ. ಆಸ್ಪತ್ರೆ ಕೆಲಸದ ನಡುವೆ ನರ್ಸಮ್ಮನಿಗೆ ಬರೆಯಲು ಪುರುಸೊತ್ತಿಲ್ಲದಿದ್ದರೆ ಓದಿಕೊಂಡರೂ ಸಾಕು.

ಊಟ ಮಾಡುತ್ತೀರಾ ಎಂದು ಕೇಳಿದೆ ಅನ್ನಿಸುತ್ತದೆ. ಮಾಡುತ್ತೇನೆ. ಖಾನಾವಳಿಯಿಂದ ಬುತ್ತಿ ಬರುತ್ತದೆ. ರೊಟ್ಟಿ ಮೆತ್ತಗಿತ್ತೋ ಗಟ್ಟಿಯಾಗಿತ್ತೋ ಎಂದು ಮಾತ್ರ ಕೇಳಬೇಡ, ತಿಂದ ಮೇಲೆ ನೆನಪಿರುವುದಿಲ್ಲ. ಯುಗಾದಿ ಕಳೆದು ನಿಮ್ಮವ್ವ ತೀರಿಕೊಂಡಾಗಿನಿಂದ ಹೀಗೇ. ಮಣ್ಣಿಗೆ ಬಂದವರೆಲ್ಲ 'ಮಾಸ್ತರು ದುಃಖ ನುಂಗಿಕೊಂಡಾರ' ಎಂದರು. ನುಂಗುವುದಕ್ಕೆ ಏನೂ ಬಂದಿರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗಿದೆ. ಚಿವುಟಿದರೆ ಚಿವುಟಿದ್ದು ಕಾಣುತ್ತದೆ, ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಗದಗ ರಸ್ತೆಯ ಹತ್ತಿ ಗೋದಾಮಿನಲ್ಲಿರುವ ನಮ್ಮ ಕಲಾ ಸಂಗ್ರಹಾಲಯವನ್ನು ವಹಿಸಿಕೊಳ್ಳಲು ಪುರಾತತ್ವ ಇಲಾಖೆಯವರು ಒಪ್ಪಿದ್ದಾರೆ. ಕಟ್ಟಡ ಅವರೇ ಕೊಡುತ್ತಾರೆ. ಒಪ್ಪದಿದ್ದರೆ ಸಂಕ್ರಾಂತಿಯೊಳಗೆ ಎಲ್ಲ ಬೀದಿಗೆ ಬರುತ್ತಿತ್ತು, ಹತ್ತಿ ಗೋದಾಮಿನ ಮಾಲಕರ ಮಕ್ಕಳು ಅಲ್ಲಿ ಮದುವೆ ಹಾಲ್ ಕಟ್ಟಿಸುತ್ತಾರಂತೆ. ಇಲಾಖೆಯದು ಒಂದೇ ಷರತ್ತು: ಯಾವ ವಸ್ತುವಿನ ಮೇಲೂ ಪೂಜೆಯ ಗುರುತು ಇರಬಾರದು. ಎಣ್ಣೆ, ಕರ್ಪೂರದ ಮಸಿ, ಕುಂಕುಮ ಎಲ್ಲ ತೆಗೆದು ಸ್ವಚ್ಛ ಮಾಡಿ ಕೊಡಬೇಕು. ನಾನು ಮೊದಲಿನಿಂದ ಹೇಳುತ್ತಿದ್ದದ್ದೂ ಅದನ್ನೇ.

ನಿಮ್ಮವ್ವ ಕುಂಕುಮ ಹಚ್ಚಿ ಹಾಳುಮಾಡಿದ್ದು ಆ ಕಟ್ಟಿಗೆಯ ದೇವಿ ದ್ಯಾಮವ್ವ ಒಬ್ಬಳನ್ನೇ. ಉಳಿದವು ಒಂದು ವಾರದ ಕೆಲಸ.

ಇಂತಿ,
ನಿನ್ನ ಅಪ್ಪ ವಿರುಪಣ್ಣ

---

ಗುಂತಕಲ್
ಜುಲೈ ೨, ೨೦೨೩

ಅಪ್ಪಾ,

ಇಲಾಖೆಯವರು ಒಪ್ಪಿದ್ದು ಒಳ್ಳೆಯದಾಯಿತು. ಸಂತೋಷಪಟ್ಟೆ ಎಂದು ಬರೆಯಬೇಕು, ಪಟ್ಟೆ ಕೂಡ. ಆ ಸಂಗ್ರಹಾಲಯ ನನಗಿಂತ ಹಿರಿಯದು. ಸಾಲಿಯಲ್ಲಿ ಗೆಳತಿಯರಿಗೆ 'ನನಗೊಬ್ಬಾಕಿ ಅಕ್ಕ ಅದಾಳ, ಗದಗ ರಸ್ತಾದಾಗ ಇರ್ತಾಳ, ನಮ್ಮಪ್ಪ ಆಕಿ ಮನ್ಯಾಗ ಇರ್ತಾನ' ಎಂದು ಹೇಳಿ ಅವ್ವನ ಕೈಯಲ್ಲಿ ಏಟು ತಿಂದಿದ್ದೆ. ನಿಮಗೆ ಇದು ಗೊತ್ತಿರಲಿಕ್ಕಿಲ್ಲ.

ಬಂದವರಿಗೆಲ್ಲ ನೀವು ಒಂದು ಕಥೆ ಹೇಳುತ್ತೀರಿ. ತಾವರಗೇರಾದಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದಾಗ ಯಾರದೋ ಹಿತ್ತಲಲ್ಲಿ ಒಲೆಗೆಂದು ಒಟ್ಟಿದ್ದ ಕಟ್ಟಿಗೆಯೊಳಗೆ ಕಿನ್ನಾಳದ ಬಣ್ಣದ ತೊಟ್ಟಿಲಿನ ಕಾಲು ಕಂಡಿರಿ, ಸೈಕಲ್ಲಿಗೆ ಕಟ್ಟಿಕೊಂಡು ತಂದಿರಿ, ಅಲ್ಲಿಂದ ಸಂಗ್ರಹಾಲಯ ಶುರುವಾಯಿತು. ಅದರ ಉಳಿದರ್ಧ ಅವ್ವ ನನಗೆ ಹೇಳಿದ್ದಳು. ಆ ಮನೆಯವರು ಕಟ್ಟಿಗೆಗೆ ಬದಲು ಕಟ್ಟಿಗೆ ಕೇಳಿದರು. ನೀವು ನಮ್ಮ ಮನೆಯ ಒಲೆಯ ಕಟ್ಟಿಗೆಯನ್ನೆಲ್ಲ ಹೊರೆ ಕಟ್ಟಿ ಕೊಟ್ಟು ಬಂದಿರಿ. ಆಮೇಲೆ ಬಹಳ ದಿನ ಅವ್ವ ಹಸಿ ಸಗಣಿ ಕುಳ್ಳು ಉರಿಸಿ, ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿದಳು.

ಈಗ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಆ ಕುಂಕುಮ ಒರೆಸಬೇಡಿ. ಸಂಗ್ರಹಾಲಯದ ಬೋರ್ಡಿನ ಮೇಲೆ ನಿಮ್ಮ ಹೆಸರಿದೆ. ಪ್ರತಿ ವಸ್ತುವಿನ ಕೆಳಗೆ ಅದನ್ನು ಕೊಟ್ಟವರ ಹೆಸರಿದೆ. ಅಷ್ಟು ವರ್ಷ ಅವುಗಳ ಧೂಳು ಹೊಡೆದ ನಮ್ಮವ್ವ ಶಿವಬಸಮ್ಮನದು ಅಲ್ಲಿ ಇರುವುದು ಆ ಕುಂಕುಮವೊಂದೇ. ಮಂಗಳವಾರ, ಶುಕ್ರವಾರ ನಿಮ್ಮ ಕಣ್ಣು ತಪ್ಪಿಸಿ ಹಚ್ಚುತ್ತಿದ್ದಳು. ನೀವು ಹಿಡಿದುಬಿಟ್ಟಾಗ ನಡೆಯುತ್ತಿದ್ದ ಜಗಳ ನನಗೆ ಬಾಯಿಪಾಠ.

'ಇದು ಗುಡಿ ಅಲ್ಲ, ಮ್ಯೂಸಿಯಂ. ಅದು ಬರೇ ಕಟಿಗಿ.'

'ಕಟಿಗಿಗೆ ಇಷ್ಟು ಛಲೋ ಕಣ್ಣು ಇರ್ತಾವೇನ್ರಿ? ನನ್ನ ನೋಡಿಕೋತ ಕುಂತಿರ್ತಾಳ. ಬರೇ ಹಣಿಲೆ ಹೆಂಗ ಬಿಡ್ಲಿ?'

ಇಲಾಖೆಯವರಿಗೆ ಹೇಳಿ ನೋಡಿ. ಒಂದು ಬೊಟ್ಟು ಕುಂಕುಮಕ್ಕೆ ಅವರದೇನು ಗಂಟು ಹೋಗುತ್ತದೆ?

ವಾಣಿ

---

ಕೊಪ್ಪಳ
ಜುಲೈ ೨೪, ೨೦೨೩

ವಾಣಿ,

ಕಟ್ಟಿಗೆಯ ವಿಷಯ ನೀನು ಬರೆದದ್ದು ನಿಜ. ಇನ್ನು ಮೇಲೆ ಬಂದವರಿಗೆ ಅದನ್ನೂ ಸೇರಿಸಿ ಹೇಳುತ್ತೇನೆ. ಈಚೆಗೆ ಯಾರೂ ಬರುವುದಿಲ್ಲ, ಅದು ಬೇರೆ ಮಾತು.

ಇಲಾಖೆಯವರನ್ನು ಕೇಳಿದೆ. ಆಗುವುದಿಲ್ಲ ಎಂದರು. ಒಬ್ಬರಿಗೆ ಬಿಟ್ಟರೆ ನಾಳೆ ಮತ್ತೊಬ್ಬರು ತೆಂಗಿನಕಾಯಿ ತರುತ್ತಾರೆ, ಅಗರಬತ್ತಿ ಹಚ್ಚುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ನೀನು ಬಲ್ಲೆ, ಆದರೂ ಬರೆಯುತ್ತೇನೆ. ಆ ದ್ಯಾಮವ್ವ ಇರಕಲ್ಲಗಡದ ಕಡೆಯ ಒಂದು ಹಳ್ಳಿಯವಳು. ಊರವರು ಹೊಸ ಮೂರ್ತಿ ಮಾಡಿಸಿದಾಗ, ಪೂಜಾರಿ ಮಂತ್ರ ಹೇಳಿ ಹಳೆಯದರ ಕಳೆ ತೆಗೆದು ಹೊಸದಕ್ಕೆ ತುಂಬಿದ. ಕಳೆ ತೆಗೆದ ಮೇಲೆ ಅದಕ್ಕೆ ನೈವೇದ್ಯವಿಲ್ಲ, ನಮಸ್ಕಾರವಿಲ್ಲ. ಗುಡಿಯ ಹಿಂದಿನ ಕೋಣೆಯಲ್ಲಿ ಗೆದ್ದಲು ಹತ್ತುವುದಿತ್ತು, ಅಷ್ಟರಲ್ಲಿ ಊರ ಹಿರಿಯರು ನನಗೆ ಕೊಟ್ಟರು. ಮೂಗಿನ ನತ್ತಿಗೆ ತವರದ ಹಾಳೆ ಅಂಟಿಸಿದ ಆ ಕೈಗೆಲಸ ಈಗ ಯಾರಿಗೂ ಬರುವುದಿಲ್ಲ. ನಮ್ಮಲ್ಲಿರುವುದರಲ್ಲೆಲ್ಲ ಹಳೆಯದು ಅದೇ. ಅದನ್ನು ನೋಡಿಯೇ ಅವರಿಗೆ ಮೊದಲು ಆಸಕ್ತಿ ಹುಟ್ಟಿದ್ದು.

ಈಗ ಹೇಳು. ಬಾಗಿಲುವಾಡಗಳು, ತೊಟ್ಟಿಲುಗಳು, ಗರುಡ, ತೇರಿನ ಹಲಗೆಗಳು ಎಲ್ಲವನ್ನೂ ಆ ಒಂದು ಬೊಟ್ಟಿಗಾಗಿ ಬೀದಿಗೆ ಎಸೆಯಲೇ? ನನ್ನ ಮನೆಯಲ್ಲಿರುವುದು ಎರಡು ಕೋಣೆ.

ಕಸ ಹೊಡೆಯುವ ಹುಲಗೆಮ್ಮನಿಗೆ ಹಸಿ ಬಟ್ಟೆ ಕೊಟ್ಟು ಹಣೆ ಒರೆಸು ಎಂದೆ. ಆಕೆ ಕಸಬರಿಗೆ ಕೆಳಗಿಟ್ಟು ಹಿಂದೆ ಸರಿದಳು.

'ಮುತ್ತೈದಿ ಹಚ್ಚಿ ಹೋಗಿರೋ ಕುಂಕುಮ ನಾ ಒರಸಂಗಿಲ್ಲರೀ ಮಾಸ್ತರ. ನನ್ನ ಗಂಡ ಇನ್ನೂ ಅದಾನ.'

ಆಮೇಲೆ ನಾನೇ ಬಟ್ಟೆ ಹಿಡಿದು ಅದರ ಮುಂದೆ ನಿಂತೆ. ಮನಸ್ಸಿಗೆ ಏನೂ ಆಗಲಿಲ್ಲ. ಆದರೂ ಒರೆಸದೆ ಬಟ್ಟೆ ಹಿಂಡಿ ಒಣಹಾಕಿ ಬಂದೆ. ಕಣ್ಣು ಮಂಜು, ಕುಂಕುಮದ ಜೊತೆ ಹಳೆಯ ಬಣ್ಣ ಕಿತ್ತುಬಂದರೆ ಏನು ಗತಿ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಪೊರೆ ತೆಗೆಸಲು ಗಂಗಾವತಿಗೆ ಹೋಗುವುದಿದೆ. ಹೋಗುವ ಮುಂಚೆ ಕಿನ್ನಾಳದ ಯಂಕೋಬನಿಗೆ ಕೀಲಿಕೈ ಕೊಟ್ಟು ಹೋಗುತ್ತೇನೆ. ಮೂರ್ತಿ ಮಾಡುವ ಮನೆತನದವನು, ನನಗಿಂತ ಹಗುರಾಗಿ ಒರೆಸುತ್ತಾನೆ.

ಅಪ್ಪ

---

ಗುಂತಕಲ್
ಆಗಸ್ಟ್ ೫, ೨೦೨೩

ಅಪ್ಪಾ,

ಒರೆಸುವ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿದರೆ ಒರೆಸಿದವರು ನೀವಲ್ಲ ಎಂದಾಗುತ್ತದೆಯೇ?

ಒರೆಸಿದ ಮೇಲೆ ನನಗೆ ಕಾಗದ ಬರೆಯಬೇಡಿ. ಕಣ್ಣಿನ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ತಲೆಗೆ ನೀರು ಹಾಕಿಕೊಳ್ಳಬೇಡಿ.

ವಾಣಿ

---

ಕಿನ್ನಾಳ
ಅಕ್ಟೋಬರ್ ೯, ೨೦೨೩

ವಿರುಪಣ್ಣ ಮಾಸ್ತರಿಗೆ ಯಂಕೋಬ ಚಿತ್ರಗಾರನ ಶರಣು.

ನನ್ನ ಸೊಸಿ ಲಲಿತಾ ಬರಿಯಾಕತ್ಯಾಳ್ರಿ. ನಾ ಹೇಳಿದ್ದನ್ನ ಹೇಳಿದಂಗ ಬರಿ ಅಂದೀನಿ. ನೀವು ಗಂಗಾವತಿಯಿಂದ ತಿರುಗಿ ಬಂದು ಗೋದಾಮಿನ ಬಾಗಿಲು ತೆಗಿಯೂದ್ರೊಳಗ ಈ ಕಾಗದ ಮುಟ್ಟಲಿ ಅಂತ ಗಂಗಾವತಿಯ ನಿಮ್ಮ ಸಂಬಂಧಿಕರ ವಿಳಾಸಕ್ಕ ಹಾಕೀನಿ.

ಸಿಟ್ಟಾಗಬ್ಯಾಡ್ರಿ ಅಂತ ಹೇಳಂಗಿಲ್ಲ. ಆಗ್ರಿ. ನೀವು ದೇವಿ ಹಣಿ ಸ್ವಚ್ಛ ಮಾಡು ಅಂದಿದ್ರಿ. ನಾ ಬಟ್ಟಿ ಹಿಡದು ಕುಂತೆ. ಶಿವಬಸಮ್ಮಕ್ಕ ಹಚ್ಚಿ ಹಚ್ಚಿ ಅದು ಹಣಿಗೆ ಗಟ್ಟಿಯಾಗಿ ಕುಂತಿತ್ತು. ಅಕ್ಕ ನಮ್ಮ ಮನಿಗೆ ಬಂದ್ರ ಬರಿಗೈಲೆ ಬರತಿದ್ದಿಲ್ಲ. ಆಕಿ ಹಚ್ಚಿದ್ದನ್ನ ಒರಸಾಕ ನನ್ನ ಕೈ ಏಳಲಿಲ್ರಿ. ಒರಸೂದಂದ್ರ ಏನು ಅಂತ ನಮ್ಮ ಕಡಿ ನಿಮಗೂ ಗೊತ್ತೈತಿ.

ನಮ್ಮ ಮನೆತನದಾಗ ದೇವಿ ಮುಖದ ಮ್ಯಾಲಿಂದು ತೆಗಿಬೇಕಂದ್ರ ಒಂದ ದಾರಿ. ಹೊಸಾ ಬಣ್ಣ ಕೊಡೂದು. ಅದಕ್ಕ ಮುಖಕ್ಕ ಹುಣಸಿ ಬೀಜದ ಅಂಟು ಕೊಟ್ಟು ಬಣ್ಣ ಹಚ್ಚೀನಿ. ಹಳೇದನ್ನ ಕೆರದು ಹಚ್ಚೂದು ಪದ್ಧತಿ, ನಾ ಕೆರದಿಲ್ಲ. ಅಕ್ಕನ ಕುಂಕುಮ ಒಳಗ ಹಂಗ ಐತ್ರಿ. ಕಣ್ಣು ಕಡೀಕ ಬರದೀನಿ, ಒಪ್ಪತ್ತು ಇದ್ದು, ಪರದೆ ಕಟಗೊಂಡು.

ಎರಡು ಮಾತು ಮುಚ್ಚಿಡಂಗಿಲ್ಲ. ಹಳದಿ ನಮ್ಮದಲ್ಲ, ಅಂಗಡಿ ಡಬ್ಬಿದು. ನಮ್ಮದು ತೀರಿತ್ತು. ಎಡಗಣ್ಣು ಒಂದೀಟು ಸೊಟ್ಟ ಆಗೈತಿ. ವಯಸ್ಸಾತು, ಕೈ ನಿಲ್ಲಂಗಿಲ್ಲ.

ಹಣಿ ಖಾಲಿ ಬಿಟ್ಟೀನಿ. ಬೊಟ್ಟು ಬಣ್ಣದಾಗ ಬರಿಯೂದಲ್ರಿ. ಅದನ್ನ ದಿನಾ ಮನ್ಯಾವ್ರು ಹಚ್ಚಬೇಕು.

ಯಂಕೋಬ
(ಹೆಬ್ಬೆಟ್ಟು ಬ್ಯಾಡ, ಸಹಿ ಮಾಡ್ತೀನಿ ಅಂದ್ರು. ಮೇಲಿನ ಸಹಿ ಮಾವನವರದೇ. ಲಲಿತಾ)

---

ಕೊಪ್ಪಳ
ನವೆಂಬರ್ ೨೦, ೨೦೨೩

ವಾಣಿ,

ಒರೆಸಿದ ಮೇಲೆ ಬರೆಯಬೇಡಿ ಎಂದಿದ್ದೆ. ಒರೆಸಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಯಂಕೋಬನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ, ಮೊದಲು ಅದನ್ನು ಓದು.

ಓದಿದೆಯಾ? ಇನ್ನು ಮುಂದಿನದು. ಆ ಕಾಗದ ನನಗೆ ಗಂಗಾವತಿಯಲ್ಲಿ ಮುಟ್ಟಲಿಲ್ಲ. ನಾನು ಹೊರಟ ಮೇಲೆ ಅಲ್ಲಿಗೆ ಬಂದು, ನಮ್ಮ ಸಂಬಂಧಿಕರು ತಿರುಗಿ ಹಾಕಿ, ಹದಿನೈದು ದಿನ ತಡವಾಗಿ ಕೊಪ್ಪಳಕ್ಕೆ ಬಂತು. ನಾನು ಏನೂ ತಿಳಿಯದೆ ಗೋದಾಮಿನ ಬಾಗಿಲು ತೆಗೆದೆ. ಕಣ್ಣಿನ ಪೊರೆ ಹೋಗಿ ಎಲ್ಲ ಸ್ಪಷ್ಟ ಕಾಣುತ್ತಿತ್ತು. ಬಾಗಿಲುವಾಡಗಳ ಬಣ್ಣ ಇಷ್ಟು ಮಾಸಿದೆಯೆಂದು ಆಗಲೇ ನನಗೆ ತಿಳಿದದ್ದು. ಅವುಗಳ ನಡುವೆ ದ್ಯಾಮವ್ವ ಒಬ್ಬಳೇ ಅರಿಶಿನ ಬಳಿದುಕೊಂಡ ಮದುಮಗಳ ಹಾಗೆ ಫಳಫಳ ಹೊಳೆಯುತ್ತ ಕೂತಿದ್ದಳು. ತವರದ ನತ್ತು ಬಣ್ಣದಡಿ ಮುಚ್ಚಿಹೋಗಿತ್ತು.

ಬೇರೆ ಕಾಲದಲ್ಲಾಗಿದ್ದರೆ ಕಿನ್ನಾಳಕ್ಕೆ ಹೋಗಿ ಅವನ ಮನೆಯ ಮುಂದೆ ರಂಪ ಮಾಡುತ್ತಿದ್ದೆ. ಜನ್ಮವಿಡೀ ಕಾಯ್ದುಕೊಂಡು ಬಂದದ್ದನ್ನು ನನ್ನ ಗೆಳೆಯನೇ ಡಬ್ಬಿ ಬಣ್ಣದಲ್ಲಿ ಮುಳುಗಿಸಿಬಿಟ್ಟ. ಸಿಟ್ಟು ಬರಲಿ ಎಂದು ಸ್ಟೂಲಿನ ಮೇಲೆ ಕೂತು ಕಾದೆ. ಬರಲಿಲ್ಲ. ಹುಲಗೆಮ್ಮ ಬಂದು ನೋಡಿ 'ಈಗ ಎಷ್ಟು ಛಂದ ಕಾಣ್ತಾಳ' ಎಂದಳು. ಹೂಂ ಎಂದೆ.

ಕಳೆದ ವಾರ ಇಲಾಖೆಯ ತಂಡ ಬಂದಿತ್ತು. ಅದರಲ್ಲಿ ಒಬ್ಬ ಹೆಣ್ಣುಮಗಳು, ನಿನಗಿಂತ ಚಿಕ್ಕವಳು, ಎಲ್ಲವನ್ನೂ ಪ್ರೀತಿಯಿಂದ ನೋಡಿದಳು. ದ್ಯಾಮವ್ವನ ಮುಂದೆ ನಿಂತು, ಕೆನ್ನೆಯ ಹತ್ತಿರ ಬೆರಳು ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದಳು.

'ಸರ್, ಇದನ್ನ ಯಾರು ಹಿಂಗ ಮಾಡಿದ್ರು?'

ಯಂಕೋಬ ಅಲ್ಲೇ ಇದ್ದ, ಸಾಮಾನು ಇಳಿಸಲು ಬಂದಿದ್ದ. ತಲೆ ತಗ್ಗಿಸಿದ. ನಾನು 'ಮನ್ಯಾವ್ರು ಮಾಡಿದ್ದು' ಎಂದೆ. ಯಾಕೆ ಹಾಗೆಂದೆನೋ ತಿಳಿಯದು.

ಉಳಿದ ಎಲ್ಲವನ್ನೂ ಒಪ್ಪಿದ್ದಾರೆ, ವಾಣಿ. ಸಂಗ್ರಹಾಲಯ ಉಳಿಯಿತು. ದ್ಯಾಮವ್ವನನ್ನು ಮಾತ್ರ ಬಿಟ್ಟರು. ಅದೀಗ ಹಳೆಯ ವಸ್ತುವಲ್ಲವಂತೆ. ನಾನು ವಾದಿಸಲಿಲ್ಲ, ಅವರು ಹೇಳಿದ್ದು ಸರಿಯಾಗಿಯೇ ಇದೆ. ಹೊಸ ಕಟ್ಟಡದ ಬೋರ್ಡಿನಲ್ಲಿ ಸಂಸ್ಥಾಪಕರೆಂದು ನನ್ನ ಹೆಸರು ಹಾಕಿಸುತ್ತಾರಂತೆ, ಕರಡು ತೋರಿಸಿದರು. ಬೇರೆ ಯಾರದೋ ಹೆಸರು ಓದಿದಂತೆ ಓದಿ ಕೊಟ್ಟೆ. ಇಷ್ಟು ವರ್ಷ ಬೇಡಿದ್ದು ಸಿಕ್ಕ ದಿನ ಖಾನಾವಳಿಯ ಬುತ್ತಿ ಉಂಡು ಮಲಗಿದೆ.

ದ್ಯಾಮವ್ವನನ್ನು ಟಂಟಂ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಬೇರೆ ಜಾಗವಿಲ್ಲದೆ ನಿಮ್ಮವ್ವನ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೇನೆ.

ಅಪ್ಪ

---

ಗುಂತಕಲ್
ಡಿಸೆಂಬರ್ ೧೦, ೨೦೨೩

ಅಪ್ಪಾ,

ಎರಡು ಕಾಗದಗಳನ್ನೂ ವಾರ್ಡಿನಲ್ಲಿ ಓದಿದೆ. ಮೊದಲು ನಗು ಬಂತು. ನೀವು ಒರೆಸು ಎಂದಿರಿ, ಯಂಕೋಬ ಕಾಕಾ ಒರೆಸದೇ ನಿಮ್ಮ ದೊಡ್ಡ ವಸ್ತುವನ್ನೇ ಇಲ್ಲವಾಗಿಸಿದ. ಅವ್ವ ಇದ್ದಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅದು ನೆನಪಾಗಿ ಅಳು ಬಂತು. ರೋಗಿಯೊಬ್ಬರು ಎದ್ದು ಕೂತು ನನಗೆ ನೀರು ಕೊಟ್ಟರು.

ಆ ಹಳೆಯ ಮುಖ ಇನ್ನು ಯಾರೂ ನೋಡುವ ಹಾಗಿಲ್ಲ ಎನ್ನುವುದೂ ಸಣ್ಣ ಮಾತಲ್ಲ. ನಿಮಗೆ ಅದರಿಂದ ನೋವಾಗಿರಬೇಕು. ಆಗಿಲ್ಲ ಎಂದು ಬರೆಯುತ್ತೀರಿ. ಅದನ್ನು ಓದಿದರೆ ನನಗೆ ಹೆದರಿಕೆಯಾಗುತ್ತದೆ, ಅಪ್ಪಾ. ನಾನು ಒರಟಾಗಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದು ಮಾತು. ಕಾಕಾ ಹಣೆಯನ್ನು ಖಾಲಿ ಬಿಟ್ಟಿದ್ದೇನೆ ಎಂದಿದ್ದಾನೆ. ಈಗ ಆಕೆ ಮ್ಯೂಸಿಯಮ್ಮಿನಲ್ಲಿ ಇಲ್ಲ. ಇಲಾಖೆಯದೂ ಅಲ್ಲ. ಮನೆಯಲ್ಲಿರುವವರು ನೀವೊಬ್ಬರೇ.

ವಾಣಿ

---

ಕೊಪ್ಪಳ
ಜನವರಿ ೨೦, ೨೦೨೪

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಗೋದಾಮು ಖಾಲಿ ಮಾಡಿಕೊಡುವ ಗಡಿಬಿಡಿ ಇತ್ತು. ಎಲ್ಲ ಸಾಗಿಸಿ ಆಯಿತು. ಕೀಲಿಕೈ ಕೊಟ್ಟು ಬಂದೆ.

ಮನೆಯಲ್ಲಿ ಎತ್ತ ಕೂತರೂ ದ್ಯಾಮವ್ವ ಎದುರಿಗೇ ಬರುತ್ತಾಳೆ. ಆ ಸೊಟ್ಟಗಣ್ಣು ಒಂದು, ಬೋಳು ಹಣೆ ಒಂದು. ನಿನ್ನೆ ಶುಕ್ರವಾರ. ಬುತ್ತಿ ಉಣ್ಣುವಾಗ ತಲೆ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಬುತ್ತಿ ಮುಚ್ಚಿಟ್ಟೆ. ಕೈ ತೊಳೆದುಕೊಂಡು ಕುಂಕುಮ ಹುಡುಕಿದೆ. ದೇವರ ಗೂಡು, ಕಪಾಟು, ಅಡುಗೆಮನೆಯ ಡಬ್ಬಿಗಳು ಎಲ್ಲ ನೋಡಿದೆ. ತೊಟ್ಟಿಲಿನ ಯಾವ ಕಾಲು ಯಾವ ಊರಿನದು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ನನ್ನ ಮನೆಯಲ್ಲಿ ಕುಂಕುಮ ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದೆ. ಬಳೆ ಕುಂಕುಮ ಮಾರುವ ಪಂಪಮ್ಮನ ಅಂಗಡಿಯಲ್ಲಿ ನಿಂತು ಕುಂಕುಮ ಕೊಡಮ್ಮ ಎಂದೆ.

'ಯಾವುದ್ರಿ ಮಾಸ್ತರ? ಬ್ಯಾರೆ ಬ್ಯಾರೆ ಅದಾವು. ಯಾರಿಗೆ ಬೇಕಾಗಿತ್ತು?'

'ನಮ್ಮ ಮನಿಯಾಕಿಗೆ.'

ಹಾಗೇ ಬಂತು ಬಾಯಿಗೆ. ಪಂಪಮ್ಮ ನನ್ನ ಮುಖ ನೋಡಿದಳು. ಆಕೆ ನಿಮ್ಮವ್ವನ ಮಣ್ಣಿಗೆ ಬಂದಿದ್ದವಳು. ಒಳಗಿನ ಡಬ್ಬಿಯಿಂದ ತೆಗೆದು, ಪೊಟ್ಟಣ ಕಟ್ಟಿ, ನನ್ನ ಕೈಗೆ ಕೊಟ್ಟಳು.

'ಅಕ್ಕಾರು ಇದನ್ನ ಒಯ್ತಿದ್ರು' ಎಂದಳು.

ಅಂಗಡಿಯ ಕಟ್ಟೆಯ ಮೇಲೆಯೇ ಕೂತುಬಿಟ್ಟೆ. ಅಳು ಬಂತು, ವಾಣಿ. ನಡುಪೇಟೆಯಲ್ಲಿ, ಜನ ಓಡಾಡುವ ಹೊತ್ತಿನಲ್ಲಿ, ನನ್ನ ಕೈಯಲ್ಲಿ ಏಟು ತಿಂದ ಹುಡುಗರು ಈಗ ಗಲ್ಲೆಯ ಮೇಲೆ ಕೂತಿರುವ ಅಂಗಡಿಗಳ ಎದುರು ಬಿಕ್ಕಿ ಬಿಕ್ಕಿ ಅತ್ತೆ. ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಬೇಕು ಅಂತಲೂ ಅನ್ನಿಸಲಿಲ್ಲ. ಪಂಪಮ್ಮ ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಯಾರೋ ಸ್ಕೂಟರಿನಲ್ಲಿ ಮನೆಗೆ ಬಿಟ್ಟರು, ಯಾರೆಂದು ಕೇಳಲಿಲ್ಲ.

ಪೊಟ್ಟಣ ಇನ್ನೂ ಬಿಚ್ಚಿಲ್ಲ. ರಜೆ ಹಾಕಿ ಬಾ. ಯಾವುದಾದರೂ ರೈಲಿಗೆ ಬಾ, ನಾನು ಸ್ಟೇಷನ್ನಿಗೆ ಬರುತ್ತೇನೆ.

ನಿಮ್ಮವ್ವ ತೀರಿಕೊಂಡಳು, ವಾಣಿ. ನನಗೆ ನಿನ್ನೆ ಗೊತ್ತಾಯಿತು.

ನಿನ್ನ ಅಪ್ಪ